ಒಂದೇ ಮಾಳಿಗೆಯ ಮೇಲೆ ಇಬ್ಬರು ಅಧ್ಯಕ್ಷರು

ಏಕಾಂತಪ್ಪ: ನಿಮ್ಮ ಮೀಸಿ ನನ್ನ ಮೀಸಿಗಿಂತ ನಾಕು ಬಟ್ಟು ಉದ್ದ ಐತಿ. ಇದು ನ್ಯಾಯ ಏನ್ರಿ?

ಹುಲುಗಣ್ಣ: ಮೀಸಿ ನಾ ಬೆಳಿಸಿಕೊಂಡಿದ್ದು. ನಿಮಗ ಬೆಳಿಸಬ್ಯಾಡ ಅಂದವರು ಯಾರು?

ಏಕಾಂತಪ್ಪ: ಮುಖದ ಮ್ಯಾಲಿನ ಮೀಸಿ ಅಲ್ಲರಿ, ಬ್ಯಾನರ್ ಮ್ಯಾಲಿನ ಮೀಸಿ. ಮೀಸಿ ದೊಡ್ಡದಾತು ಅಂದ್ರ ಮುಖ ದೊಡ್ಡದಾತು. ಮುಖ ದೊಡ್ಡದಾತು ಅಂದ್ರ ಫೋಟೋ ದೊಡ್ಡದಾತು. ಎರಡೂ ಸಮ ಇರ್ಬೇಕಂತ ಮಾತಾಗಿತ್ತು.

ಹುಲುಗಣ್ಣ: ಫೋಟೋ ಸಮನ ಅದಾವ. ಒಳಗಿನ ಮುಖ ದೇವರು ಕೊಟ್ಟಿದ್ದು. ಅವನ್ನ ಕೇಳ್ರಿ.

ಗುಡೇಕೋಟೆಯ ಕಲ್ಲುಗುಡ್ಡಗಳ ಬುಡದಲ್ಲಿ ಕರೇಕುಂಟೆ ಎಂದೊಂದು ಊರು. ಆ ಊರಿನ ಹೊಸ ಸಮುದಾಯ ಭವನದ ಮಾಳಿಗೆಯ ಅಂಚಿನಲ್ಲಿ ಬೋರಲಾಗಿ ಮಲಗಿಕೊಂಡು, ಕೆಳಗೆ ಇಳಿಬಿಟ್ಟ ಬ್ಯಾನರನ್ನು ಅಳತೆಪಟ್ಟಿ ಹಿಡಿದು ಅಳೆಯುತ್ತಿದ್ದ ಇವರಿಬ್ಬರೂ ಐವತ್ತು ದಾಟಿದವರು. ಏಕಾಂತಪ್ಪ ಗ್ರಾಮ ಪಂಚಾಯ್ತಿಯ ಅಧ್ಯಕ್ಷ, ಶೇಂಗಾ ವ್ಯಾಪಾರಸ್ಥ. ಹುಲುಗಣ್ಣ ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷ, ಮನೆ ತುಂಬ ಎಮ್ಮೆ ಕಟ್ಟಿದವ. ಊರಿನವರ ಬಾಯಲ್ಲಿ ಇಬ್ಬರೂ ‘ಅಧ್ಯಕ್ಷರು’. ಅವರು ಮಾತ್ರ ಒಬ್ಬರನ್ನೊಬ್ಬರು ಒಮ್ಮೆಯೂ ಹಾಗೆ ಕರೆದವರಲ್ಲ. ಏಕಾಂತಪ್ಪನಿಗೆ ಹುಲುಗಣ್ಣ ‘ಡೈರಿಯವರು’. ಹುಲುಗಣ್ಣನಿಗೆ ಏಕಾಂತಪ್ಪ ‘ಪಂಚಾಯ್ತಿಯವರು’.

ಭವನದ ಜಾಗ ಪಂಚಾಯ್ತಿಯದು, ಕಟ್ಟಿಸಿದ್ದು ಡೈರಿ. ಮಾರನೆಯ ದಿನ ಶಾಸಕರು ಬಂದು ಉದ್ಘಾಟಿಸುವವರಿದ್ದರು. ಹೆಸರು ‘ಸಹಕಾರ ಭವನ’ ಎಂದು ಇಟ್ಟಾಗಿತ್ತು. ಆದರೆ ಮಾಳಿಗೆಗೆ ಮೆಟ್ಟಿಲು ಡೈರಿಯ ಬದಿಗಿರಬೇಕೋ ಪಂಚಾಯ್ತಿಯ ಬದಿಗಿರಬೇಕೋ ಎಂಬ ವಾದ ಬಗೆಹರಿಯದೆ ಮೆಟ್ಟಿಲೇ ಆಗಿರಲಿಲ್ಲ. ಹೀಗಾಗಿ ಬಿದಿರಿನ ಏಣಿ ಹಾಕಿಕೊಂಡು ಹತ್ತಿದ್ದರು. ಒಬ್ಬನೇ ಹತ್ತಿದರೆ ಇನ್ನೊಬ್ಬನ ಫೋಟೋ ಕತ್ತರಿಸಿಬಿಡುತ್ತಾನೆ ಎಂಬ ಅನುಮಾನದಿಂದ ಇಬ್ಬರೂ ಹತ್ತಿದ್ದರು.

ಏಕಾಂತಪ್ಪ: ಅಲ್ರಿ, ನಾ ಮಾತಾಡುವಾಗ ಹಂಗ ಮೂಗಿನಾಗ ಬುಸುಬುಸು ಅನಬ್ಯಾಡ್ರಿ. ಮರ್ಯಾದಿ ಅಲ್ಲ ಅದು.

ಹುಲುಗಣ್ಣ: ನಾ ಎಲ್ಲಿ ಅಂದೆ? ನೀವಾ ಆಗಿಂದ ಬುಸುಗುಟ್ಟಾಕ ಹತ್ತೀರಿ. ಬಿಪಿ ಇದ್ದವರು ಏಣಿ ಹತ್ತಬಾರದು ಅಂತ ನಾ ಸುಮ್ಮನಿದ್ದೆ.

ಏಕಾಂತಪ್ಪ: ನನ್ನ ಬಿಪಿ ಸುದ್ದಿ ನಿಮಗ ಯಾಕ? ಅಕಾ ನೋಡ್ರಿ, ಮತ್ತ ಅಂದ್ರಿ.

ಹುಲುಗಣ್ಣ: ನಾ ಬಾಯಿ ಮುಚ್ಚೀನಿ, ನೋಡ್ರಿ.

ಇಬ್ಬರೂ ಬಾಯಿ ಮುಚ್ಚಿದರು. ಬುಸುಬುಸು ನಿಲ್ಲಲಿಲ್ಲ. ಅದು ಕೆಳಗೆ ಭವನದ ಮುಂದಿನ ತೆರೆದ ಪಡಸಾಲೆಯಿಂದ ಬರುತ್ತಿತ್ತು. ನಾಳೆಯ ಊಟಕ್ಕೆ ಗೋಧಿ ಹುಗ್ಗಿ ಮಾಡಿಸಬೇಕೆಂದು ತಂದಿಟ್ಟ ಬೆಲ್ಲದ ಪೆಂಟೆಗಳು ಅಲ್ಲಿದ್ದವು. ಏಕಾಂತಪ್ಪ ಕತ್ತು ಚಾಚಿ ನೋಡಿದ. ಇಳಿಹೊತ್ತಿನ ಬೆಳಕಿನಲ್ಲಿ ಕರಿ ಕಂಬಳಿ ಹೊದ್ದ ಯಾರೋ ಬೆಲ್ಲದ ಮೇಲೆ ಬಗ್ಗಿ ಕುಳಿತಂತೆ ಕಂಡಿತು.

ಏಕಾಂತಪ್ಪ: ಬಂತು ನೋಡ್ರಿ ನಿಮ್ಮ ಕಡಿ ಮಂದಿ. ಕಂಬಳಿ ಹೊದ್ಕೊಂಡು ಬೆಲ್ಲ ಕದಿಯಾಕ ಹತ್ತ್ಯಾನ.

ಹುಲುಗಣ್ಣ: ಕದಿಯೋವ್ರು ನಿಮ್ಮ ಕಡಿಯವ್ರಾ. ನಮ್ಮವರಾಗಿದ್ರ ಕೇಳಿ ಒಯ್ತಿದ್ರು. ಏಯ್, ಯಾರಲೇ ಅದು?

ಕಂಬಳಿ ತಲೆಯೆತ್ತಿತು. ಉದ್ದನೆಯ ಮೂತಿ, ಮೂತಿಯ ತುಂಬ ಬೆಲ್ಲ.

ಹುಲುಗಣ್ಣ: ಕರಡಿ ರೀ.

ಏಕಾಂತಪ್ಪ: ನನಗೂ ಕಣ್ಣು ಅದಾವ.

ಮೇಲೆ ಯಾರು ಮಾತಾಡುತ್ತಿದ್ದಾರೆಂದು ನೋಡಲು ಕರಡಿ ಏಣಿಗೆ ಎರಡೂ ಕೈ ಹಚ್ಚಿ ಎದ್ದು ನಿಂತಿತು. ಏಣಿ ಜಾರಿ ನೆಲಕ್ಕೆ ಬಿದ್ದು ನಡುವೆ ಮುರಿಯಿತು. ಕರಡಿಯೇ ಬೆದರಿ ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಬೆಲ್ಲದ ಬಳಿಗೆ ಬಂದು ಕುಳಿತಿತು.

ಹುಲುಗಣ್ಣ: ಅರಣ್ಯ ಇಲಾಖೆಗೆ ಫೋನ್ ಮಾಡ್ತೀನಿ.

ಏಕಾಂತಪ್ಪ: ನೀವ್ಯಾಕ? ಊರಿನ ಪ್ರಥಮ ಪ್ರಜೆ ನಾನು. ನಾ ಮಾಡ್ತೀನಿ.

ಹುಲುಗಣ್ಣ: ನಾಳಿ ಪೇಪರ್‌ನಾಗ ನಿಮ್ಮ ಹೆಸರು ಬರ್ಲಿ ಅಂತನಾ? ಬೆಲ್ಲ ನಮ್ಮ ಡೈರೀದು. ನಾ ಮಾಡ್ತೀನಿ.

ಇಬ್ಬರೂ ಮಾಡಿದರು. ಪಂಚಾಯ್ತಿ ಅಧ್ಯಕ್ಷರು ಪಂಚಾಯ್ತಿ ಭವನಕ್ಕೆ ಕರಡಿ ನುಗ್ಗಿದೆ ಎಂದು ಹೇಳಿದರು. ಡೈರಿ ಅಧ್ಯಕ್ಷರು ಡೈರಿ ಭವನಕ್ಕೆ ಕರಡಿ ನುಗ್ಗಿದೆ ಎಂದು ಹೇಳಿದರು. ಸ್ವಲ್ಪ ಹೊತ್ತಿಗೆ ಹುಲುಗಣ್ಣನಿಗೆ ಆ ಕಡೆಯಿಂದ ಮರಳಿ ಫೋನು ಬಂತು. ಮಾತು ಮುಗಿಸಿದವನು ಏಕಾಂತಪ್ಪನ ಮುಖ ನೋಡದೆ ಹೇಳಿದ.

ಹುಲುಗಣ್ಣ: ಎರಡು ಕರಡಿ ಅದಾವಂತ. ಇಲ್ಲಿರೋದು ಒಂದ ಜೀಪಂತ. ಇನ್ನೊಂದು ತಂಡ ಕೂಡ್ಲಿಗಿಯಿಂದ ಕರಿಸ್ಕೊಂಡು ಬರ್ತಾರಂತ.

ಏಕಾಂತಪ್ಪ: ಒಂದ ಅಂತ ಹೇಳಬಾರದಾ?

ಹುಲುಗಣ್ಣ: ಹೇಳಿದೆ. ‘ಹಂಗಾರ ಅದು ಪಂಚಾಯ್ತಿ ಭವನಾನೋ ಡೈರಿ ಭವನಾನೋ ಹೇಳ್ರಿ’ ಅಂದ್ರು. ನಾ ಡೈರಿ ಅಂದೆ. ‘ಅಲ್ಲಿಗೆ ಪಂಚಾಯ್ತಿದು ಇನ್ನೊಂದು ಆತಲ್ಲ’ ಅಂದ್ರು.

ಏಕಾಂತಪ್ಪ ಹಲ್ಲು ಕಡಿದ. ತಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆನೆಂಬುದು ಅವನಿಗೆ ಗೊತ್ತಿತ್ತು. ಇರಲಿ, ಮಾಳಿಗೆಯ ಮೇಲೆ ತಮಗೇನೂ ಅಪಾಯವಿಲ್ಲ, ಜೀಪು ಬರುವ ತನಕ ಕೂತಿದ್ದರಾಯಿತು ಎಂದು ಕಾಲು ಚಾಚಿದ. ಆಗ ಹುಲುಗಣ್ಣ ಗಡಿಯಾರ ನೋಡಿಕೊಂಡು ತಟ್ಟನೆ ಎದ್ದು ಕುಳಿತ.

ಹುಲುಗಣ್ಣ: ಹಾಲು ಹಾಕೋ ಹೊತ್ತಾತು. ಹೆಣ್ಮಕ್ಕಳು ಕ್ಯಾನ್ ಹಿಡ್ಕೊಂಡು ಈ ದಾರೀಲೆ ಬರ್ತಾರ.

ಏಕಾಂತಪ್ಪ: ಬರಬ್ಯಾಡ್ರಿ ಅಂತ ಹೇಳ್ರಿ ನಿಮ್ಮವರಿಗೆ.

ಹುಲುಗಣ್ಣ: ನಮ್ಮವರು ಅಷ್ಟಾ ಅಲ್ಲರಿ. ಎಲ್ಲರಿಗಿಂತ ಮೊದಲ ಬರೋದು ನಾಗಲಿಂಗಮ್ಮಾರು.

ಏಕಾಂತಪ್ಪ: ಯಾವ ನಾಗಲಿಂಗಮ್ಮ?

ಹುಲುಗಣ್ಣ: ಊರಾಗ ಇರೋದು ಒಬ್ರಾ. ನಿಮ್ಮ ಮನ್ಯಾರು.

ಏಕಾಂತಪ್ಪ: ನನ್ನ ಹೆಂಡ್ತಿ ನಿಮ್ಮ ಡೈರಿಗೆ ಹಾಲು ಹಾಕ್ತಾಳ?

ಹುಲುಗಣ್ಣ: ಮೂರು ವರ್ಷಾತು. ಬೇಗ ಬಂದು ನೀವು ಮನಿಗೆ ಬರೂದ್ರಾಗ ತಿರುಗಿ ಹೋಗ್ತಾರ. ಯಾರಿಗೂ ಹೇಳಬ್ಯಾಡ ಅಂದಿದ್ರು.

ಡೈರಿಗೆ ಒಂದು ತೊಟ್ಟು ಹಾಲು ಹಾಕುವುದಿಲ್ಲವೆಂದು ಏಕಾಂತಪ್ಪ ಸಭೆ ಸಭೆಯಲ್ಲಿ ಹೇಳಿಕೊಂಡು ಬಂದಿದ್ದ. ಮನೆಯ ಹಾಲೆಲ್ಲ ಖಾಸಗಿ ವ್ಯಾನಿಗೆ ಹೋಗುತ್ತದೆಂದು ನಂಬಿಯೂ ಇದ್ದ. ಸಿಟ್ಟು ನೆತ್ತಿಗೇರಬೇಕಾಗಿತ್ತು. ಆದರೆ ಕೆಳಗಿನಿಂದ ಬುಸುಬುಸು ಕೇಳಿಸುತ್ತಿತ್ತು. ಹೆಂಡತಿಗೆ ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ತನ್ನ ಬಲಗೈಯಂತಿದ್ದ ಭೀಮೇಶನಿಗೆ ಹಚ್ಚಿದ. ಕರಡಿಗೆ ಕೇಳಿಸಬಾರದೆಂದು ಪಿಸುಮಾತಿನಲ್ಲಿ ಮಾತಾಡಿದ.

ಏಕಾಂತಪ್ಪ: ಭೀಮೇಶ, ಡೈರಿಗೆ ಯಾರೂ ಹಾಲು ಹಾಕಾಕ ಬರಬ್ಯಾಡ್ರಿ. ಇಲ್ಲಿ ಕರಡಿ ಕುಂತೈತಿ.

ಭೀಮೇಶ: ಅಂತೂ ಬಾಯಿ ಬಿಟ್ಟು ಅಂದ್ರಿ ಅಣ್ಣಾರ. ಆ ಮನಷಾ ಕರಡಿ ಅಂತ ನಾ ಎಂದಾ ಹೇಳಿದ್ದೆ.

ಏಕಾಂತಪ್ಪ: ಮನಷಾ ಅಲ್ಲೋ, ಖರೇ ಕರಡಿ. ಭವನದ ಪಡಸಾಲ್ಯಾಗ ಕುಂತು ಡೈರಿ ಬೆಲ್ಲ ತಿನ್ನಾಕ ಹತ್ತೈತಿ.

ಭೀಮೇಶ: ತಿನ್ನೋದು ಊರಿಗೆಲ್ಲ ಗೊತ್ತೈತಿ ಬಿಡ್ರಿ. ಯಾಕ ಅಷ್ಟು ಮೆಲ್ಲಕ ಮಾತಾಡ್ತೀರಿ? ಅವನು ಪಕ್ಕದಾಗ ಅದಾನೇನು? ಹೆದರಬ್ಯಾಡ್ರಿ, ಹುಡುಗರನ್ನ ಕಟ್ಕೊಂಡು ಈಗ ಬಂದ್ವಿ.

ಭೀಮೇಶ ಫೋನು ಇಟ್ಟುಬಿಟ್ಟ. ಹುಲುಗಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಹುಲುಗಣ್ಣ: ನಿಮ್ಮ ಹುಡುಗರಿಗೆ ಕನ್ನಡ ಬರೂದಿಲ್ಲ. ನಮ್ಮ ಕಾಂತೇಶನಿಗೆ ಹೇಳ್ತೀನಿ, ಅವನು ತಿಳದಾವ. ಹಲೋ, ಕಾಂತೇಶ? ಪಂಚಾಯ್ತಿ ದಾರೀಲೆ ಯಾರನ್ನೂ ಬಿಡಬ್ಯಾಡ. ಕರಡಿ ಬಂದೈತಿ.

ಕಾಂತೇಶ: ಬಂದು ಎರಡೂವರಿ ವರ್ಷಾತಲ್ಲಣ್ಣ. ಮುಂದಿನ ಎಲೆಕ್ಷನ್‌ನಾಗ ಓಡಿಸೋಣು.

ಹುಲುಗಣ್ಣ: ಲೇ, ಈಗ ಓಡಿಸಬೇಕು.

ಕಾಂತೇಶ: ಈಗಾ? ಅವಿಶ್ವಾಸ ತರ್ತೀವೇನು? ಆತು ಬಿಡಣ್ಣ, ಎಲ್ಲಾರನ್ನೂ ಕರ್ಕೊಂಡು ಭವನಕ್ಕ ಬರ್ತೀನಿ.

ಇಬ್ಬರೂ ಫೋನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ನೋಡಿದರು. ಊರಿನ ಒಂದು ಕಡೆಯಿಂದ ಏಕಾಂತಪ್ಪನ ಮಂದಿ ಹೊರಟಿತ್ತು, ಇನ್ನೊಂದು ಕಡೆಯಿಂದ ಹುಲುಗಣ್ಣನ ಮಂದಿ. ನಡುವೆ ಕರಡಿ. ಅದರ ಬಳಿಗೆ ಎಲ್ಲರಿಗಿಂತ ಮೊದಲು ಹಾಲಿನ ಕ್ಯಾನು ಹಿಡಿದ ನಾಗಲಿಂಗಮ್ಮ.

ಏಕಾಂತಪ್ಪ: ಹುಲುಗ, ಏನರ ಮಾಡೋ.

ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ‘ಹುಲುಗ’ ಎಂಬ ಆ ಹೆಸರು ಶಾಲೆ ಬಿಟ್ಟ ಮೇಲೆ ಏಕಾಂತಪ್ಪನ ಬಾಯಲ್ಲಿ ಬಂದಿರಲಿಲ್ಲ. ಹುಲುಗಣ್ಣ ಫೋನಿನ ಕ್ಯಾಮೆರಾ ತೆರೆದ.

ಹುಲುಗಣ್ಣ: ಬಾ ಇಲ್ಲಿ. ಇಬ್ರೂ ಕೂಡಿ ವಿಡಿಯೋ ಮಾಡೋಣು. ಇಬ್ರ ಮುಖಾನೂ ಕಂಡ್ರ ನಿಮ್ಮವರೂ ನಂಬ್ತಾರ, ನಮ್ಮವರೂ ನಂಬ್ತಾರ.

ಕೆನ್ನೆಗೆ ಕೆನ್ನೆ ಹಚ್ಚಿ, ಯಾರೂ ಭವನದ ಕಡೆ ಬರಬಾರದು, ನಾವಿಬ್ಬರೂ ಕೈಮುಗಿದು ಕೇಳುತ್ತೇವೆ ಎಂದು ಹೇಳಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಏಕಾಂತಪ್ಪನಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಗಾಳೆಮ್ಮನ ಫೋನು ಬಂತು. ಗಾಳೆಮ್ಮ ಪಂಚಾಯ್ತಿಯ ಉಪಾಧ್ಯಕ್ಷೆ. ಸಭೆಯಲ್ಲಿ ಅವಳಿಗೆ ಕುರ್ಚಿ ಇತ್ತು, ಮಾತಿಗೆ ಎಡೆ ಇರಲಿಲ್ಲ. ಡೈರಿಗೆ ಹಾಲನ್ನೂ ಹಾಕುತ್ತಿದ್ದಳು.

ಗಾಳೆಮ್ಮ: ಅಣ್ಣಾರ, ಪೊಲೀಸರಿಗೆ ಹೇಳ್ರಿ. ಯಾರೋ ನಿಮ್ಮದೂ ಹುಲುಗಣ್ಣ ಮಾವಂದೂ ಸುಳ್ಳು ವಿಡಿಯೋ ಮಾಡಿ ಬಿಟ್ಟಾರ.

ಏಕಾಂತಪ್ಪ: ಸುಳ್ಳಲ್ಲವ್ವ, ನಾವಾ ಮಾಡಿದ್ದು.

ಗಾಳೆಮ್ಮ: ಗುಂಪಿನಾಗ ಎಲ್ಲರೂ ಎಐ ಅಂತ ಹಾಕಾಕ ಹತ್ಯಾರ. ನೀವಿಬ್ರೂ ಕೆನ್ನಿಗೆ ಕೆನ್ನಿ ಹಚ್ಚೋದು ಎಲ್ಲಿ, ಕೈಮುಗಿಯೋದು ಎಲ್ಲಿ. ಮಾಡಿದವರಿಗೆ ಅಷ್ಟೂ ತಿಳಿವಳಿಕಿ ಇಲ್ಲಂತ ನಗಾಕ ಹತ್ಯಾರ.

ಏಕಾಂತಪ್ಪ: ಗಾಳೆಮ್ಮ, ಪಕ್ಕದಾಗ ಹುಲುಗ ಅದಾನ. ಕೆಳಗ ಕರಡಿ ಐತಿ. ನಂಬು.

ಗಾಳೆಮ್ಮ: ಈಗಿನ ಕಾಲದಾಗ ದನೀನೂ ಮಾಡ್ತಾರಂತ. ನೀವು ಖರೇ ಅಣ್ಣಾರ ಆಗಿದ್ರ ಹೇಳ್ರಿ, ನಾಳಿ ಟೇಪು ಕತ್ತರಿಸುವಾಗ ಶಾಸಕರ ಮಗ್ಗುಲಿಗೆ ಯಾರು ನಿಲ್ಲೋರು?

ಏಕಾಂತಪ್ಪ: ನಾನು.

ಹುಲುಗಣ್ಣ: ಇವನು ಅಲ್ಲ, ನಾನು. ಪಾಳಿ ಪ್ರಕಾರ ನಂದು.

ಏಕಾಂತಪ್ಪ: ಪಾಳಿ ಎಲ್ಲಿ ಬಂತು? ಜಾಗ ಯಾರದು?

ಹುಲುಗಣ್ಣ: ಕಟ್ಟಡ ಯಾರದು?

ಗಾಳೆಮ್ಮ: ಸಾಕು ಬಿಡ್ರಿ, ನೀವಾ ಹೌದು. ಕರಡಿ ಯಾವ ಮಗ್ಗುಲಿಗೆ ಐತಿ? ನಾನೂ ಹಾಲು ಹಿಡ್ಕೊಂಡು ದಾರ್ಯಾಗ ಅದೀನಿ.

ಮರುಕ್ಷಣವೇ ದಾರಿಯ ತಿರುವಿನಲ್ಲಿ ನಾಗಲಿಂಗಮ್ಮ ಕಂಡಳು. ಸೆರಗು ತಲೆಯ ಮೇಲೆ, ಕ್ಯಾನು ಸೊಂಟದ ಮೇಲೆ, ಗಂಡ ಮನೆ ಸೇರುವುದರೊಳಗೆ ಮರಳಬೇಕೆಂಬ ಅವಸರದ ನಡಿಗೆ. ಕರಡಿ ಬೆಲ್ಲ ಬಿಟ್ಟು ತಲೆಯೆತ್ತಿ ಗಾಳಿ ಮೂಸಿತು. ಏಕಾಂತಪ್ಪ ಎದ್ದು ನಿಂತು ಹೆಂಡತಿಯ ಹೆಸರು ಹಿಡಿದು ಕೂಗಿದ. ಅವಳು ಮಾಳಿಗೆಯ ಮೇಲೆ ಗಂಡನನ್ನು ಕಂಡು, ಗುಟ್ಟು ರಟ್ಟಾಯಿತೆಂದು ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತಳು.

ನಾಗಲಿಂಗಮ್ಮ: ಮಜ್ಜಿಗಿ ಒಯ್ಯಾಕ ಬಂದಿದ್ದೆ ರೀ.

ಏಕಾಂತಪ್ಪ: ಹಿಂದಕ್ಕ ಹೋಗ. ಕರಡಿ ಐತಿ.

ನಾಗಲಿಂಗಮ್ಮ: ಸಿಟ್ಟಾಗಬ್ಯಾಡ್ರಿ. ಮಂದಿ ಮುಂದ ಹಂಗ ಅನಬ್ಯಾಡ್ರಿ ಅವರಿಗೆ.

ಕರಡಿ ಅವಳ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ಹುಲುಗಣ್ಣ ಉದ್ಘಾಟನೆಗೆಂದು ಕೊಂಡಿದ್ದ ಹೊಸ ಚಪ್ಪಲಿಗಳಲ್ಲಿ ಒಂದನ್ನು ಕಳಚಿ ಕರಡಿಯ ಬೆನ್ನ ಹಿಂದೆ ಗೋಡೆಗೆ ಒರಗಿಸಿದ್ದ ತಗಡಿಗೆ ಬೀಸಿ ಒಗೆದ. ಢಣ್ಣೆಂದಿತು. ಕರಡಿ ಅತ್ತ ತಿರುಗಿತು. ಎರಡನೆಯದನ್ನೂ ಒಗೆದ. ಏಕಾಂತಪ್ಪ ತನ್ನವನ್ನೂ ಕಳಚಿ ಅವನ ಕೈಗೆ ಕೊಟ್ಟ. ನಾಲ್ಕನೆಯ ಚಪ್ಪಲಿ ತಗಡಿಗೆ ಬಡಿಯುವ ಹೊತ್ತಿಗೆ ತಿರುವಿನ ಗೋಡೆಯ ಹಿಂದಿನಿಂದ ಒಂದು ಕೈ ಬಂದು ನಾಗಲಿಂಗಮ್ಮನನ್ನು ತೋಳು ಹಿಡಿದು ಎಳೆದುಕೊಂಡಿತು. ಅದು ಗಾಳೆಮ್ಮನ ಕೈ.

ಆಮೇಲಿನದನ್ನೆಲ್ಲ ಏಕಾಂತಪ್ಪ ಮೇಲಿನಿಂದ ನೋಡಿದ. ಎರಡೂ ಕಡೆಯಿಂದ ಬಂದ ಮಂದಿಯನ್ನು ಗಾಳೆಮ್ಮ ತಿರುವಿನಲ್ಲೇ ತಡೆದು ನಿಲ್ಲಿಸಿದಳು. ಭೀಮೇಶ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕೈಗೆ ಡೈರಿಯ ಒಂದು ಖಾಲಿ ಕ್ಯಾನು ಕೊಟ್ಟಳು, ಕಾಂತೇಶನ ಕೈಗೆ ಇನ್ನೊಂದು. ಗುಡ್ಡದ ಕಡೆಯ ದಾರಿ ಬಿಟ್ಟು ಉಳಿದ ಮೂರು ಕಡೆ ಮಂದಿ ನಿಂತು ಕ್ಯಾನು ಬಡಿಯತೊಡಗಿದರು. ಕರಡಿಗೆ ಆ ಗದ್ದಲ ಹಿಡಿಸಲಿಲ್ಲ. ಒಂದು ಪೆಂಟೆ ಬೆಲ್ಲವನ್ನು ಬಾಯಲ್ಲಿ ಕಚ್ಚಿಕೊಂಡು, ಬಿಟ್ಟ ದಾರಿ ಹಿಡಿದು ಗುಡ್ಡದ ಮುಳ್ಳುಕಂಟಿಯೊಳಗೆ ಹೋಯಿತು.

ಏಕಾಂತಪ್ಪ ಹುಲುಗಣ್ಣನ ಹೆಗಲ ಮೇಲೆ ಕೈ ಹಾಕಿದ.

ಏಕಾಂತಪ್ಪ: ಇವತ್ತು ನನ್ನ ಮನಿ ಉಳಿಸಿದಿ.

ಹುಲುಗಣ್ಣ: ಏ ಬಿಡೋ. ನಿನ್ನ ಚಪ್ಪಲಿನೂ ಹೋದ್ವಲ್ಲ.

ಕೆಳಗೆ ಕ್ಯಾನುಗಳ ಸದ್ದು ನಿಂತು ಮಾತಿನ ಸದ್ದು ಎದ್ದಿತು. ಯಾರೂ ಮೇಲೆ ನೋಡಲಿಲ್ಲ. ಗಾಳೆಮ್ಮನ ಸುತ್ತ ಹೆಂಗಸರು ಸೇರಿದ್ದರು. ಭೀಮೇಶನೂ ಕಾಂತೇಶನೂ ಅಲ್ಲೇ ಇದ್ದರು. ಒಂದು ಗಂಡುದನಿ, ಯಾವ ಕಡೆಯವನದೋ ತಿಳಿಯಲಿಲ್ಲ, ‘ಮುಂದಿನ ಸಲ ಪಂಚಾಯ್ತಿಗೂ ಡೈರಿಗೂ ಗಾಳೆಮ್ಮಾರ ಅಧ್ಯಕ್ಷರಾಗ್ಲಿ’ ಅಂದಿತು. ಮಂದಿ ಹೋ ಎಂದಿತು. ಹೆಗಲ ಮೇಲಿನ ಕೈ ಅಲ್ಲೇ ಇತ್ತು.

ಏಕಾಂತಪ್ಪ: ಉಪಾಧ್ಯಕ್ಷರು ಯಾರ ಅಪ್ಪಣಿ ತಗೊಂಡು ಮಂದಿ ಕೂಡಿಸಿದ್ರು?

ಹುಲುಗಣ್ಣ: ಅದನ್ನಾ ನಾನೂ ಕೇಳ್ಬೇಕಂತಿದ್ದೆ. ಕ್ಯಾನು ಸಂಘದ ಆಸ್ತಿ. ಬಡದು ಬಡದು ನೆಗ್ಗಿಸ್ಯಾರ.

ಏಕಾಂತಪ್ಪ: ಕರಡಿನೂ ಸರ್ಕಾರದ್ದು. ಇಲಾಖೆಯವರು ಬರೂದ್ರಾಗ ಓಡಿಸಿದ್ದು ತಪ್ಪಾಗ್ತೈತಿ.

ಹುಲುಗಣ್ಣ: ಒಂದು ನೋಟಿಸ್ ಕೊಡೋಣು.

ಏಕಾಂತಪ್ಪ: ಪಂಚಾಯ್ತಿಯಿಂದಾನೋ ಡೈರಿಯಿಂದಾನೋ?

ಹುಲುಗಣ್ಣ: ಜಂಟಿ.

ಏಕಾಂತಪ್ಪ: ಜಂಟಿ. ಹೌದು ಅಧ್ಯಕ್ಷರ, ಜಂಟಿನಾ ಚಂದ.

ಹುಲುಗಣ್ಣ: ಆತು ಅಧ್ಯಕ್ಷರ.

ಬೇರೊಂದು ಏಣಿ ತಂದು ಹಚ್ಚಿದ ಮೇಲೆ, ನೀವು ಮೊದಲು ಇಳಿಯಿರಿ, ಛೇ ನೀವು ಮೊದಲು ಎಂದು ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವುದನ್ನು ಊರು ಬಾಯಿ ಕಳೆದು ನೋಡಿತು. ಬರಿಗಾಲಲ್ಲಿ ಕೈಕೈ ಹಿಡಿದು ಬಂದರು. ಕರಡಿ ಸುದ್ದಿ ಕೇಳಿ ಕೂಡ್ಲಿಗಿಯಿಂದ ಬೈಕಿನಲ್ಲಿ ಬಂದಿದ್ದ ಪತ್ರಕರ್ತನೊಬ್ಬ ಮೊಬೈಲ್ ಮುಂದೆ ಹಿಡಿದ.

ಏಕಾಂತಪ್ಪ: ನಾವಿಬ್ರೂ ಮಾಳಿಗಿ ಮ್ಯಾಲಿಂದ ನಿರ್ದೇಶನ ಕೊಟ್ವಿ.

ಹುಲುಗಣ್ಣ: ಊರಿನವರು ಪಾಲಿಸಿದ್ರು.

ಪತ್ರಕರ್ತ: ಉಪಾಧ್ಯಕ್ಷರು ಮುಂದ ನಿಂತಿದ್ರು ಅಂತ ಹೇಳಾಕ ಹತ್ಯಾರ?

ಇಬ್ಬರೂ: ಅವರೂ ಸಹಕಾರ ಕೊಟ್ರು.

ಇಷ್ಟು ಮಾತು ಇಬ್ಬರ ಬಾಯಿಂದಲೂ ಒಟ್ಟಿಗೆ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಬಂತು. ಏಕಾಂತಪ್ಪನಿಗೆ ತುಂಬ ವರ್ಷಗಳಲ್ಲಿ ಇಷ್ಟು ಹಗುರ ಅನಿಸಿರಲಿಲ್ಲ. ಹೆಂಡತಿಯ ಕಡೆ ನೋಡಿ, ಹಾಲು ಹಾಕಿ ಬಾ, ನಮ್ಮದೇ ಡೈರಿ ಎಂದ. ನಾಗಲಿಂಗಮ್ಮ ಕಣ್ಣೊರೆಸಿಕೊಂಡು ಗಾಳೆಮ್ಮನ ಮಗ್ಗುಲಿಗೆ ಬಂದಳು.

ನಾಗಲಿಂಗಮ್ಮ: ಅಂತೂ ಇಬ್ರೂ ಒಂದಾದ್ರು ನೋಡವ್ವ. ಊರಿಗೆ ಒಳ್ಳೇದಾತು.

ಗಾಳೆಮ್ಮ: ಏನು ಒಳ್ಳೇದು, ಅಕ್ಕಾ? ಇಷ್ಟು ದಿನ ಒಬ್ರು ಬ್ಯಾಡ ಅಂದಿದ್ದಕ್ಕ ಇನ್ನೊಬ್ರು ಹೂಂ ಅಂತಿದ್ರು, ನಮ್ಮ ನಳ ಬಂತು, ದೀಪ ಬಂತು. ಇನ್ನ ಇಬ್ರೂ ಕೂಡಿ ಬ್ಯಾಡ ಅಂತಾರ. ಹೆಂಗರ ಮಾಡಿ ಹೊತ್ತು ಹುಟ್ಟೂದ್ರಾಗ ಜಗಳ ಹಚ್ಚಿಬಿಡು, ನಿನಗ ಪುಣ್ಯ ಬರ್ತೈತಿ.